ಸುಪ್ರೀಂ ಕೋರ್ಟ್ ತೀರ್ಪು ಆಮೇಲೆ, ಮೊದಲು ರಸೀದಿ ತೆಗೆಯಿರಿ

ಕಳೆದ ವಾರ ಡೊಂಬಿವಲಿ ಮಾರ್ಕೆಟ್ಟಿನಲ್ಲಿ ಸೌತೆಕಾಯಿ ಆರಿಸುತ್ತಿದ್ದಾಗ ಫೋನು ಬಂತು. ನಮ್ಮ ಕುಂದಾಪುರ ಕಡೆಯ ಹುಡುಗ, ಘಾಟ್ಕೋಪರಿನಲ್ಲಿ ಬಾಡಿಗೆಗಿದ್ದಾನೆ. "ಅಕ್ಕ, 12 ವರ್ಷ ಒಂದೇ ಮನೆಯಲ್ಲಿದ್ರೆ ಮನೆ ನಮ್ಮದೇ ಆಗ್ತದಂತೆ. ಸುಪ್ರೀಂ ಕೋರ್ಟ್ ತೀರ್ಪು ಬಂದಿದೆಯಂತೆ, ಹೌದಾ?"

"ನಿನ್ನ ಹತ್ರ ಬಾಡಿಗೆ ರಸೀದಿ ಉಂಟಾ?" ಅಂದೆ.

"ರಸೀದಿ ಎಂತಕ್ಕಕ್ಕ? ಜೀಪೇ ಮಾಡೋದಲ್ವಾ."

"ಎಗ್ರಿಮೆಂಟು?"

"ಇತ್ತು. ಮುಗ್ದು ಹೋಯ್ತು."

ಇಂಥ ಫೋನು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ನಾನು ವಕೀಲಳಲ್ಲ. ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನ (ಬಾಡಿಗೆ ಜಗಳಗಳು ಬರುವ ಕೋರ್ಟು) ಪಕ್ಕದ ಗಲ್ಲಿಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ 31 ವರ್ಷ ಟೈಪಿಸ್ಟ್ ಆಗಿದ್ದವಳು. ಕಾರ್ಬನ್ ಕಾಗದ ಇಟ್ಟು ನಾಲ್ಕು ಪ್ರತಿ ಹೊಡೆಯುತ್ತಿದ್ದ ಕಾಲದಿಂದ ಕಂಪ್ಯೂಟರ್ ಬರುವವರೆಗೆ ಬಾಡಿಗೆ ದಾವೆ ಬಿಟ್ಟು ಬೇರೆ ಏನನ್ನೂ ಹೆಚ್ಚು ಟೈಪ್ ಮಾಡಲಿಲ್ಲ. ನಿಮ್ಮ ಕೇಸಿಗೆ ವಕೀಲರು ಬೇಕೇ ಬೇಕು. ಆದರೆ ವಕೀಲರ ಮುಂದೆ ಕುರ್ಚಿ ಎಳೆದು ಕೂರುವ ಮೊದಲು ನಿಮ್ಮ ಕೈಯಲ್ಲಿ ಏನಿರಬೇಕು, ಮೊಬೈಲಿಗೆ ಬಂದ ತೀರ್ಪನ್ನು ಎಷ್ಟು ನಂಬಬೇಕು ಅನ್ನುವಷ್ಟನ್ನು ನಾನು ಹೇಳಬಲ್ಲೆ.

ಮೊದಲು ಆ 12 ವರ್ಷದ ಮಾತು ಮುಗಿಸಿಬಿಡುತ್ತೇನೆ. ದಾವೆ ಹಾಕಲು ಕಾಲಮಿತಿ ಇಡುವ ಲಿಮಿಟೇಶನ್ ಕಾಯ್ದೆಯಲ್ಲಿ 12 ವರ್ಷ ಇರುವುದು ನಿಜ. ಅದು ಮಾಲೀಕನಿಗೆ ಎದುರಾಗಿ, ಎಲ್ಲರಿಗೂ ಕಾಣುವಂತೆ, "ಇದು ನನ್ನದು" ಅಂತ ಕೂತವನ ಲೆಕ್ಕ. ಮಾಲೀಕನೇ ಕೀಲಿಕೈ ಕೊಟ್ಟು ಒಳಗೆ ಬಿಟ್ಟವನಿಗೆ, ತಿಂಗಳು ತಿಂಗಳು ಬಾಡಿಗೆ ಕೊಡುವವನಿಗೆ ಅದು ತಾಗುವುದಿಲ್ಲ. ಬಾಡಿಗೆ ಕೊಡುವುದೆಂದರೇ "ನೀನು ಧಣಿ" ಎಂದು ಒಪ್ಪಿಕೊಂಡ ಹಾಗೆ. ಬಾಡಿಗೆಯನ್ನೇ ಕೊಡದೆ, ಮನೆ ನೋಡಿಕೊಳ್ಳಲೆಂದು ಕೂತವರ ಗತಿಯೂ ಬೇರೆಯಲ್ಲ. ಗೋವಾದ ಮಾರಿಯಾ ಮಾರ್ಗರಿದಾ ಸಿಕ್ವೇರಾ ಫರ್ನಾಂಡಿಸ್ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿದೆ. ಅದು ಒಡಹುಟ್ಟಿದವರ ಜಗಳ. ಕಾವಲಿಗೆ, ಚಾಕರಿಗೆ, ನೆಂಟಸ್ತಿಕೆಗೆ ಅಂತ ಒಳಗಿದ್ದವನು ಎಷ್ಟು ವರ್ಷ ಇದ್ದರೂ ಆ ಮನೆಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂಬುದು ಅದರ ತಿರುಳು. ವಾಸ್ಕೋದಲ್ಲಿ ಅಣ್ಣನ ಫ್ಲ್ಯಾಟಿನಲ್ಲಿ ಬಿಟ್ಟಿ ಇರುವ ನಮ್ಮವರು ಇದನ್ನು ಎರಡು ಸಲ ಓದಿಕೊಳ್ಳಿ.

ನೀವು ಯಾವ ಡಬ್ಬಿಯಲ್ಲಿದ್ದೀರಿ?

ಆಫೀಸಿಗೆ ಬಂದವರಿಗೆ ನಮ್ಮ ವಕೀಲರು ಕೇಳುತ್ತಿದ್ದ ಮೊದಲ ಪ್ರಶ್ನೆ "ಏನು ಜಗಳ?" ಅಂತಲ್ಲ, "ಕಾಗದ ಏನಿದೆ?" ಅಂತ. ಮುಂಬಯಿ, ಪುಣೆಯಲ್ಲಿ ಬಾಡಿಗೆಗಿರುವವರೆಲ್ಲ ಕಾನೂನಿನ ಕಣ್ಣಿಗೆ ಒಂದೇ ಜಾತಿಯಲ್ಲ. ಹಳೆ ಚಾಳಿನಲ್ಲಿ ಪಗಡಿ, ಅಂದರೆ ಒಳಸೇರುವಾಗಲೇ ಒಂದು ಇಡಿಗಂಟು, ಕೊಟ್ಟು, ತಿಂಗಳಿಗೆ ಇನ್ನೂರೋ ಮುನ್ನೂರೋ ಬಾಡಿಗೆ ಕಟ್ಟಿ ರಸೀದಿ ಇಟ್ಟುಕೊಂಡವರು ಒಂದು ಬಗೆ. ಇವರು ನಿಜವಾದ ಬಾಡಿಗೆದಾರರು, ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಪೂರ್ತಿ ರಕ್ಷಣೆ ಇವರಿಗಿದೆ. 11 ತಿಂಗಳಿಗೋ ಮೂರು ವರ್ಷಕ್ಕೋ ಲೀವ್ ಎಂಡ್ ಲೈಸೆನ್ಸ್ ಮಾಡಿಕೊಂಡವರು ಇನ್ನೊಂದು ಬಗೆ. ಇವರಿಗಿರುವುದು ಬರೀ ಇರಲು ಅನುಮತಿ. ಪುಣೆಯ ಪಿಜಿ ಹುಡುಗರು, ಮಾಲೀಕನ ಕೆಲಸಕ್ಕಿದ್ದು ಅವನ ಖೋಲಿಯಲ್ಲೇ ಮಲಗುವವರು, ಕಂಡಕ್ಟಿಂಗ್‌ಗೆ ಹೋಟೆಲ್ ಹಿಡಿದವರು (ಧಣಿಯ ನಡೆಯುವ ಹೋಟೆಲನ್ನು ಇಷ್ಟು ಹಣ ಅಂತ ಕೊಟ್ಟು ನಡೆಸುವವರು) ಲೈಸೆನ್ಸಿ ಅನ್ನುವ ವ್ಯಾಖ್ಯೆಯೊಳಗೂ ಬರುವುದಿಲ್ಲ. ಕಾಯ್ದೆಯ 7ನೇ ಕಲಮು ಇವರನ್ನು ಹೆಸರಿಸಿಯೇ ಹೊರಗಿಟ್ಟಿದೆ.

ಒಂದು ಡಬ್ಬಿಯ ತೀರ್ಪು ಇನ್ನೊಂದು ಡಬ್ಬಿಗೆ ಹೊಂದುವುದಿಲ್ಲ. ಇದು ತಿಳಿಯದೆ ಹಣ ಕಳಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಹಳೆಯದೊಂದು ಪ್ರಸಿದ್ಧ ತೀರ್ಪು ಇದೆ, 1959ರ ಅಸೋಸಿಯೇಟೆಡ್ ಹೋಟೆಲ್ಸ್ ಕೇಸು. ಕಾಗದದ ಮೇಲೆ "ಲೈಸೆನ್ಸ್" ಅಂತ ಬರೆದ ಮಾತ್ರಕ್ಕೆ ಲೈಸೆನ್ಸ್ ಆಗುವುದಿಲ್ಲ, ಒಳಗಿನ ಹುರುಳು ನೋಡಬೇಕು, ಜಾಗದಲ್ಲಿ ಹಿತಾಸಕ್ತಿ, ಅಂದರೆ ಹಕ್ಕು, ಕೊಟ್ಟಿದ್ದಾರೋ ಬರೀ ಅನುಮತಿಯೋ ಅಂತ ತೂಗಬೇಕು ಎಂದಿತು ಸುಪ್ರೀಂ ಕೋರ್ಟ್. ಲೈಸೆನ್ಸ್ ಮುಗಿದ ಮೇಲೂ ಬಿಡಲೊಲ್ಲದವರು ಇದನ್ನು ಗುರಾಣಿಯಂತೆ ಹಿಡಿದು ಬರುತ್ತಾರೆ. ಆದರೆ ಮಹಾರಾಷ್ಟ್ರದ ಕಾಯ್ದೆಯ 24ನೇ ಕಲಮಿನ ಕೆಳಗೆ ಒಂದು ಪುಟ್ಟ ವಿವರಣೆ ಕೂತಿದೆ. ಲಿಖಿತ ಲೈಸೆನ್ಸ್ ಕರಾರಿನಲ್ಲಿ ಬರೆದ ಸಂಗತಿಗಳಿಗೆ ಆ ಕರಾರೇ ನಿರ್ಣಾಯಕ ಸಾಕ್ಷಿ ಅಂತ. ಆ ಒಂದು ಸಾಲಿನ ಮುಂದೆ 1959ರ ಗುರಾಣಿ ಬಹಳ ಹೊತ್ತು ನಿಲ್ಲುವುದಿಲ್ಲ. ಮೇಲಾಗಿ ಅವಧಿ ಮುಗಿದ ಮೇಲೆ ಕೂತಷ್ಟು ದಿನಕ್ಕೂ ಲೈಸೆನ್ಸ್ ಹಣದ ಎರಡರಷ್ಟು ನಷ್ಟಭರ್ತಿ ಕಟ್ಟಬೇಕು. ಘಾಟ್ಕೋಪರಿನ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ತಿಂಗಳಿಗೆ 22,000 ಕೊಡುವವನು ಅವನು, ಎರಡರಷ್ಟು ಎಷ್ಟಾಗುತ್ತದೆ ಅಂತ ಅವನಿಗೇ ಲೆಕ್ಕ ಹಾಕಲು ಬಿಟ್ಟೆ.

ಇಂಥ ಕೇಸು ಮಾಮೂಲಿ ಕೋರ್ಟಿಗೆ ಹೋಗುವುದಿಲ್ಲ, ಇದಕ್ಕೆಂದೇ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರಿಯ ಮುಂದೆ ಹೋಗುತ್ತದೆ. ಸಮನ್ಸ್ ಕೈಗೆ ಬಂದ 30 ದಿನದೊಳಗೆ ಅಫಿಡವಿಟ್ ಹಾಕಿ "ನನಗೆ ವಾದ ಮಾಡಲು ಅನುಮತಿ ಕೊಡಿ" ಎಂದು ಕೇಳಬೇಕು. ಸುಮ್ಮನಿದ್ದರೆ ಮಾಲೀಕ ಹೇಳಿದ್ದೆಲ್ಲ ನೀವು ಒಪ್ಪಿದ ಹಾಗೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದೆ, ಸಮನ್ಸ್ ಪಕ್ಕದವರು ತಗೊಂಡಿದ್ದರು ಅನ್ನುವ ಕತೆಗಳನ್ನು ನಾನೇ ಎಷ್ಟೋ ಅಫಿಡವಿಟ್ಟಿನಲ್ಲಿ ಟೈಪ್ ಮಾಡಿದ್ದೇನೆ. ಎಲ್ಲವೂ ದಡ ಸೇರಲಿಲ್ಲ.

ಈ 11 ತಿಂಗಳ ಚಟ ಎಲ್ಲಿಂದ ಬಂತು ಗೊತ್ತೆ? ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆ ಪತ್ರಕ್ಕೆ ನೋಂದಣಿ ಬೇಡ ಅನ್ನುವ ಕೇಂದ್ರದ ಕಾಯ್ದೆಯಿಂದ. ಮಹಾರಾಷ್ಟ್ರದಲ್ಲಿ ಆ ಉಪಾಯ ನಡೆಯುವುದಿಲ್ಲ. 55ನೇ ಕಲಮಿನ ಪ್ರಕಾರ ಲಿಖಿತ ಕರಾರು ಮತ್ತು ಅದರ ನೋಂದಣಿ ಎರಡೂ ಕಡ್ಡಾಯ, ತಿಂಗಳು ಎಷ್ಟೇ ಇರಲಿ. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ನೋಂದಾಯಿತ ಕರಾರಿಲ್ಲದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮೇಲು, ಅಲ್ಲ ಅಂತ ಸಾಬೀತಾಗುವವರೆಗೆ. ಹಾಗಾಗಿ "ನೋಟರಿ ಮಾಡಿಸಿದ್ದೇನಲ್ಲ, ಸಾಕು" ಎನ್ನುವ ಮಾಲೀಕರೇ, ಸಾಲದು. ಸ್ಟಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ಶೇ. 0.25ರ ಹತ್ತಿರ, ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಈಗ ಮನೆಯಲ್ಲೇ ಕೂತು ಹೆಬ್ಬೆಟ್ಟು ಒತ್ತಿ ಆನ್‌ಲೈನಿನಲ್ಲಿ ಮುಗಿಸುತ್ತಾರೆ. ಇಷ್ಟು ಉಳಿಸಲು ಹೋಗಿ ಫ್ಲ್ಯಾಟನ್ನೇ ಕೋರ್ಟಿಗೆ ಹೊರುವುದು ಯಾವ ಜಾಣತನವೋ.

ಕಂಡಕ್ಟಿಂಗ್‌ನವರಿಗೆ

ನಮ್ಮವರ ಪಾಲಿಗೆ ಇದೇ ಅತಿ ದೊಡ್ಡ ಗುಂಡಿ. ನನ್ನ ಭಾವ ಮುಲುಂಡಿನಲ್ಲಿ ಒಂದು ಹೋಟೆಲನ್ನು ಕಂಡಕ್ಟಿಂಗ್‌ಗೆ ಹಿಡಿದು 14 ವರ್ಷ ನಡೆಸಿದರು. ದೋಸೆ ಕಾವಲಿ ಬದಲಿಸಿದರು, ಗ್ರೈಂಡರ್ ಹೊಸದು ತಂದರು, ಗೋಡೆಗೆ ಟೈಲ್ಸ್ ಹಾಕಿಸಿದರು. ಧಣಿ ತೀರಿಕೊಂಡು ಮಗ ಬಂದು "ಹೋಟೆಲ್ ಬಿಡಿ" ಅಂದಾಗ ಭಾವ ನನ್ನ ಹತ್ತಿರ ಬಂದು, "ನಾನು ಬಾಡಿಗೆದಾರ ಅಲ್ಲವಾ?" ಎಂದರು. ಕರಾರು ಓದಿದೆ. ಹೋಟೆಲ್ ನಡೆಸುವ ಲೈಸೆನ್ಸ್ ಧಣಿಯ ಹೆಸರಿನಲ್ಲಿ, ಮೇಜು ಕುರ್ಚಿಯ ಪಟ್ಟಿ ಲಗತ್ತಿಸಿದೆ, ಹೋಟೆಲಿನ ಹೆಸರು ಧಣಿಯದು, ಗಲ್ಲಾದಿಂದ ದಿನಕ್ಕಿಷ್ಟು ಅಂತ ರಾಯಲ್ಟಿ.

ಕೋರ್ಟು ಇಲ್ಲಿ ಕೇಳುವುದು ಒಂದೇ: ಕೊಟ್ಟಿದ್ದು ಜಾಗವನ್ನೋ, ನಡೆಯುವ ವ್ಯಾಪಾರವನ್ನೋ? 1975ರಲ್ಲಿ ದ್ವಾರಕಾ ಪ್ರಸಾದ್ ಕೇಸಿನಲ್ಲಿ, ಅದು ಉತ್ತರ ಪ್ರದೇಶದ ಸಿನಿಮಾ ಥಿಯೇಟರಿನದು, ಯಂತ್ರ ಸಾಮಾನು ಸಮೇತ ವ್ಯಾಪಾರವನ್ನೇ ಕೊಟ್ಟಾಗ ಕಟ್ಟಡ ಅದರ ಜೊತೆಗೆ ಬಂದದ್ದಷ್ಟೇ, ಬಾಡಿಗೆ ಕಾಯ್ದೆಯ ರಕ್ಷಣೆ ಸಿಗದು ಎಂದಿತು ಸುಪ್ರೀಂ ಕೋರ್ಟ್. ಭಾವನ ಕಾಗದ ಪೂರ್ತಿ ಆ ಕಡೆಗೇ ವಾಲಿತ್ತು. ದಾವೆ ಹಾಕದೆ, ಡಿಪಾಸಿಟ್ ಮತ್ತು ತಾನು ತಂದ ಸಾಮಾನಿನ ಹಣಕ್ಕೆ ಚೌಕಾಸಿ ಮಾಡಿ ಹೊರಬಂದರು. ಗ್ರೈಂಡರಿನ ಬಿಲ್ಲು ಅವರ ಹೆಸರಿನಲ್ಲಿ ಇದ್ದದ್ದರಿಂದ ಅದರ ದುಡ್ಡು ಸಿಕ್ಕಿತು. ಟೈಲ್ಸಿನ ಬಿಲ್ಲು ಇರಲಿಲ್ಲ.

ಇನ್ನೊಂದು ಬದಿ ನೋಡಿ. ನಿಮ್ಮದೇ ಪಗಡಿ ಜಾಗ, ನೀವು ಅದನ್ನು ಊರಿನ ಹುಡುಗನಿಗೆ ಕಂಡಕ್ಟಿಂಗ್‌ಗೆ ಕೊಟ್ಟು ಉಡುಪಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಆಗ ಜಾಗದ ಮಾಲೀಕ "ಒಳಬಾಡಿಗೆಗೆ ಕೊಟ್ಟಿದ್ದಾನೆ" ಅಂತ ನಿಮ್ಮ ಮೇಲೆ ದಾವೆ ಹಾಕುತ್ತಾನೆ. "ಅವನು ನನ್ನ ಪಾರ್ಟ್ನರ್" ಅಂತ ಪತ್ರ ತೋರಿಸಿದರೆ ಸಾಲದು. ಗೋವಾದ್ದೇ ಇನ್ನೊಂದು ಕೇಸಿದೆ, ಸೆಲಿನಾ ಕೊಯೆಲ್ಹೊ ಪೆರೇರಾ ವಿರುದ್ಧ ಉಲ್ಲಾಸ್ ಮಹಾಬಲೇಶ್ವರ್ ಖೋಲ್ಕರ್, ಸುಪ್ರೀಂ ಕೋರ್ಟಿನದು. ಅದರಲ್ಲಿ ಒಳಬಾಡಿಗೆಯ ಸಾಕ್ಷಿಯ ನಿಯಮಗಳನ್ನೆಲ್ಲ ಒಟ್ಟುಮಾಡಿ ಕೊಟ್ಟಿದ್ದಾರೆ. ಮೂರನೆಯವನ ಕೈಯಲ್ಲೇ ಜಾಗದ ಪೂರ್ತಿ ಹಿಡಿತ ಇದೆ ಎಂದು ಮೊದಲು ತೋರಿಸುವ ಹೊಣೆ ಮಾಲೀಕನದು. ಅದು ತೋರಿಸಿದರೆ ಹಣ ಕೈಬದಲಾಯಿಸಿದೆ ಅಂತ ಕೋರ್ಟು ಊಹಿಸಬಹುದು, ಆಮೇಲೆ ಉತ್ತರ ಹೇಳುವ ಸರದಿ ನಿಮ್ಮದು. ಪಾಲುದಾರಿಕೆ ನಿಜವಾಗಿದ್ದು, ಬಾಡಿಗೆದಾರ ತಾನೂ ವ್ಯಾಪಾರದಲ್ಲಿದ್ದು ಜಾಗದ ಹಿಡಿತ ಬಿಡದಿದ್ದರೆ ಒಳಬಾಡಿಗೆ ಆಗುವುದಿಲ್ಲ. ಗಲ್ಲಾದ ಬೀಗ ಯಾರ ಹತ್ತಿರ, ಬ್ಯಾಂಕ್ ಖಾತೆಗೆ ಸಹಿ ಯಾರದು, ತೆರಿಗೆ ಯಾರು ಕಟ್ಟುತ್ತಾರೆ ಅನ್ನುವುದೇ ಆಗ ಮಾತಾಡುತ್ತದೆ.

ನಮ್ಮ ಗಿರ್ಗಾಂವ್ ಖೋಲಿ

1986ರಲ್ಲಿ ಅಮ್ಮನಿಗೆ ಕಾಯಿಲೆಯಾಗಿ ಅಪ್ಪ ಖೋಲಿಗೆ ಬೀಗ ಹಾಕಿ ಊರಿಗೆ ಕರಕೊಂಡು ಹೋದರು. ನಾನು ಮಾಟುಂಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದೆ. ಬಾಡಿಗೆ ತಪ್ಪಲಿಲ್ಲ, ಚಿಕ್ಕಪ್ಪ ಕೊಟ್ಟು ರಸೀದಿ ತರುತ್ತಿದ್ದರು. ಏಳೂವರೆ ತಿಂಗಳಾದ ಮೇಲೆ ಮಾಲೀಕನಿಂದ ದಾವೆ: ಖೋಲಿಯನ್ನು ಆರು ತಿಂಗಳಿಗಿಂತ ಹೆಚ್ಚು ಬಳಸಿಲ್ಲ, ಬಿಡಿಸಿಕೊಡಿ. ಅವರ ದೊಡ್ಡ ಅಸ್ತ್ರ ಬೆಸ್ಟ್‌ನ ಕರೆಂಟ್ ಬಿಲ್ಲು. ಯೂನಿಟ್ ಸೊನ್ನೆ, ಸೊನ್ನೆ, ಸೊನ್ನೆ.

ಈಗಿನ ಕಾಯ್ದೆಯಲ್ಲೂ ಇದು ಇದೆ, 16ನೇ ಕಲಮಿನಲ್ಲಿ. ಆದರೆ "ಸಕಾರಣವಿಲ್ಲದೆ" ಅನ್ನುವ ಒಂದು ಪದವೂ ಜೊತೆಗಿದೆ, ಮತ್ತು ಲೆಕ್ಕ ಹಾಕುವುದು ದಾವೆ ಹಾಕಿದ ದಿನಕ್ಕೆ ಅಂಟಿಕೊಂಡ ಹಿಂದಿನ ಆರು ತಿಂಗಳು. ನಮ್ಮನ್ನು ಉಳಿಸಿದ್ದು ಅಮ್ಮನ ಆಸ್ಪತ್ರೆ ಚೀಟಿಗಳು. ಅಪ್ಪ ಅವನ್ನೆಲ್ಲ ಒಂದು ಪಾರ್ಲೆ ಡಬ್ಬಿಯಲ್ಲಿ ತುಂಬಿಸಿಟ್ಟಿದ್ದರು, ಉದ್ದೇಶವಿಟ್ಟಲ್ಲ, ಏನನ್ನೂ ಬಿಸಾಡದ ಜಾತಿ. ಪಕ್ಕದ ಖೋಲಿಯ ಮರಾಠಿ ಅಜ್ಜಿ ಸಾಕ್ಷಿಗೆ ಬಂದು, "ಇವರ ಪಾತ್ರೆ, ಹಾಸಿಗೆ, ದೇವರ ಮಂಟಪ ಎಲ್ಲ ಒಳಗೇ ಇತ್ತು" ಎಂದರು. ಗೆದ್ದೆವು. ಒಂಬತ್ತು ವರ್ಷ ಹಿಡಿಯಿತು.

ಆದ್ದರಿಂದ ಹಳೆ ಖೋಲಿಗೆ ಬೀಗ ಜಡಿದು ಊರಿಗೆ ಹೋಗುವವರಿಗೆ ನನ್ನ ಮಾತು: ನಡುನಡುವೆ ಬಂದು ಇರಿ. ಬಂದದ್ದಕ್ಕೆ ರೈಲಿನ ಟಿಕೇಟು, ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲು ಇಟ್ಟುಕೊಳ್ಳಿ. ಬರಲಾಗದಿದ್ದರೆ ಯಾಕೆ ಅನ್ನುವುದಕ್ಕೆ ಕಾಗದ ಇಟ್ಟುಕೊಳ್ಳಿ.

ಇನ್ನೊಂದು ನಮ್ಮ ಜಿಲ್ಲೆಯವರದೇ ಪಾಡು. ಮಕ್ಕಳಿಲ್ಲದ ಹಿರಿಯರೊಬ್ಬರು ತಮ್ಮ ಪಗಡಿ ಖೋಲಿಯನ್ನು ಮಂಗಳೂರಿನಲ್ಲಿದ್ದ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ವಿಲ್ ಬರೆದಿಟ್ಟು ತೀರಿಕೊಂಡರು. ಅಳಿಯಸಂತಾನದ ಲೆಕ್ಕದಲ್ಲಿ ಅವರಿಗೆ ಅದು ಸಹಜವಾಗಿ ಕಂಡಿತ್ತು. ಕಾಯ್ದೆಗೆ ಕಾಣಲಿಲ್ಲ. ಸ್ವಂತ ಮನೆಯನ್ನು ವಿಲ್ ಮಾಡಬಹುದು, ಬಾಡಿಗೆ ಹಕ್ಕನ್ನು ವಿಲ್ ಮಾಡಲು ಬರುವುದಿಲ್ಲ ಎಂದು 1994ರಲ್ಲಿ ವಸಂತ ಪ್ರತಾಪ ಪಂಡಿತ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಬಾಡಿಗೆದಾರ ಸತ್ತಾಗ ಅವರ ಜೊತೆಯಲ್ಲೇ ವಾಸವಿದ್ದ ಕುಟುಂಬದವರಿಗೆ ಹಕ್ಕು ಮೊದಲು. ಹಾಗಾಗಿ ರೇಷನ್ ಕಾರ್ಡು, ಆಧಾರ್, ಮತದಾರರ ಪಟ್ಟಿಯಲ್ಲಿ ಜೊತೆಗಿರುವವರ ಹೆಸರು ಆ ಖೋಲಿಯ ವಿಳಾಸದಲ್ಲಿ ಇದೆಯೇ ಅಂತ ಇವತ್ತೇ ನೋಡಿ.

ಬಾಡಿಗೆ ಬಾಕಿಯ ನೋಟಿಸು ಬಂದರೆ

ಇಲ್ಲಿ ತಾರೀಕೇ ಎಲ್ಲ. ಬಾಕಿ ಕೇಳಿ ಲಿಖಿತ ನೋಟಿಸು ಕೊಟ್ಟು 90 ದಿನ ಕಳೆಯದೆ ಮಾಲೀಕ ದಾವೆ ಹಾಕುವಂತಿಲ್ಲ. ದಾವೆ ಹಾಕಿ ಸಮನ್ಸ್ ಬಂದ ಮೇಲೂ 90 ದಿನ ಇದೆ. ಅಷ್ಟರೊಳಗೆ ಪೂರ್ತಿ ಬಾಕಿಯನ್ನು ಶೇ. 15ರ ಸರಳ ಬಡ್ಡಿ ಸೇರಿಸಿ ಕೋರ್ಟಿನಲ್ಲಿ ಕಟ್ಟಿ, ಕೇಸಿನ ಖರ್ಚನ್ನೂ ಕೊಟ್ಟು, ಮುಂದೆ ಕೇಸು ಮುಗಿಯುವವರೆಗೆ ತಿಂಗಳು ತಪ್ಪದೆ ಕಟ್ಟಿದರೆ ಬಾಕಿಯ ಕಾರಣಕ್ಕೆ ಹೊರಹಾಕಲು ಬರುವುದಿಲ್ಲ. ನಮ್ಮವರು ಸೋಲುವುದು ಈ ಕೊನೆಯ ತುಂಡಿನಲ್ಲಿ. ಒಮ್ಮೆ ಕಟ್ಟಿ ನಿಶ್ಚಿಂತೆಯಿಂದ ಕೂತುಬಿಡುತ್ತಾರೆ.

ಮಾಲೀಕ ಬೇಕೆಂದೇ ಬಾಡಿಗೆ ತಗೊಳ್ಳದೆ ಬಾಕಿ ಬೆಳೆಸುವುದು ಹಳೇ ಆಟ. ಮನಿ ಆರ್ಡರ್ ಮಾಡಿ. "ತಿರಸ್ಕರಿಸಿದ್ದಾರೆ" ಎಂದು ವಾಪಸು ಬಂದ ಚೀಟಿ ಚಿನ್ನದಂಥ ಸಾಕ್ಷಿ. ಸಣ್ಣದೊಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿಯೂ ಹಾಕಿ. ನೀರು ನಿಲ್ಲಿಸಿದರೆ, ಕರೆಂಟ್ ತೆಗೆದರೆ 29ನೇ ಕಲಮಿನಲ್ಲಿ ನೇರವಾಗಿ ಕೋರ್ಟಿಗೆ ಅರ್ಜಿ. ಬೀಗ ಒಡೆದು ಸಾಮಾನು ಹೊರಗಿಟ್ಟರೆ, ನಿಮ್ಮ ಅವಧಿ ಮುಗಿದಿದ್ದರೂ ಅದು ತಪ್ಪೇ. 1989ರ ಕೃಷ್ಣ ರಾಮ್ ಮಹಾಲೆ ಕೇಸು ನೆನಪಿಡಿ: ನೆಲೆಗೊಂಡು ಕೂತವನಿಗೆ ಅಲ್ಲಿರುವ ಹಕ್ಕಿಲ್ಲದಿದ್ದರೂ ಕಾನೂನಿನ ದಾರಿ ಬಿಟ್ಟು ಎಬ್ಬಿಸುವಂತಿಲ್ಲ.

ಮೊಬೈಲಿಗೆ ಬಂದ ತೀರ್ಪನ್ನು ಓದುವುದು ಹೇಗೆ

ಮೂಲ ತೀರ್ಪು ಸುಪ್ರೀಂ ಕೋರ್ಟ್, ಬಾಂಬೆ ಹೈಕೋರ್ಟ್ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ. ತೆರೆದ ಕೂಡಲೇ ಕೊನೆಯ ಪುಟಕ್ಕೆ ಹೋಗಿ, ಯಾರು ಗೆದ್ದರು ನೋಡಿ. ಆಮೇಲೆ ಯಾವ ರಾಜ್ಯದ ಕಾಯ್ದೆ ಅಂತ ಹುಡುಕಿ. ದೆಹಲಿಯ ಬಾಡಿಗೆ ಕಾಯ್ದೆಯ ತೀರ್ಪು ದಾದರಿನ ಖೋಲಿಗೆ ತಾನಾಗಿ ಹೊಂದುವುದಿಲ್ಲ. "ಡಿಪಾಸಿಟ್ ಎರಡೇ ತಿಂಗಳು" ಎಂದು ಹರಿದಾಡುವುದು ತೀರ್ಪೂ ಅಲ್ಲ; 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಕಾಯ್ದೆಯ ಮಾತು, ರಾಜ್ಯ ತನ್ನದಾಗಿ ಮಾಡಿಕೊಂಡ ಹೊರತು ಅದಕ್ಕೆ ಬಲವಿಲ್ಲ. ಇನ್ನು ನಡುವಿನ ಪುಟಗಳಲ್ಲಿ "ವಕೀಲರು ಹೀಗೆ ವಾದಿಸಿದರು" ಅನ್ನುವ ಪ್ಯಾರಾಗಳಿರುತ್ತವೆ. ಸೋತ ವಕೀಲರ ವಾದದ ಫೋಟೋ ತೆಗೆದು "ಕೋರ್ಟ್ ಹೇಳಿತು" ಅಂತ ಕಳಿಸಿದ್ದನ್ನು ನಾನೇ ಮೂರು ಸಲ ಹಿಡಿದಿದ್ದೇನೆ.

ಒಂದು ತೀರ್ಪನ್ನಂತೂ ನಮ್ಮವರು ಓದಲೇಬೇಕು, ಹೆಸರಿನಲ್ಲೇ ನಮ್ಮ ಕಡಲು ಇದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ, 1997ರ ಡಿಸೆಂಬರ್. 1940ರ ಬಾಡಿಗೆಯನ್ನು ಹಾಗೇ ಹೆಪ್ಪುಗಟ್ಟಿಸಿ ಇಟ್ಟಿದ್ದು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂದಿತು ಕೋರ್ಟು. ಹಳೇ ಕಾಯ್ದೆಯ ಅವಧಿ ಹೇಗೂ ಮುಗಿಯಲಿಕ್ಕಿದ್ದರಿಂದ ಅದನ್ನು ರದ್ದು ಮಾಡಲಿಲ್ಲ. ಈಗಿನ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಗೆ ಬಂದಾಗ ವರ್ಷಕ್ಕೆ ಶೇ. 4 ಏರಿಕೆ ಬಂತು. ಇದನ್ನು ಓದಿದರೆ ಮಾಲೀಕರ ಸಂಕಟವೂ ಸ್ವಲ್ಪ ತಿಳಿಯುತ್ತದೆ. ನಾಲ್ಕು ಮಹಡಿಯ ಕಟ್ಟಡದಿಂದ ತಿಂಗಳಿಗೆ ಬರುವ ಬಾಡಿಗೆಯಲ್ಲಿ ತಾರಸಿಯ ಸೋರಿಕೆ ನಿಲ್ಲಿಸಲಾಗದ ಮಾಲೀಕರೂ ನಮ್ಮ ಆಫೀಸಿಗೆ ಬರುತ್ತಿದ್ದರು.

ಮಾಲೀಕ "ನನಗೇ ಬೇಕು" ಅಂದಾಗ ಬಾಡಿಗೆದಾರರು ತಮ್ಮ ಕಷ್ಟ ಹೇಳಿಕೊಂಡು ಅಳುತ್ತಾರೆ. ಅಳುವುದು ಸಾಕ್ಷಿಯಲ್ಲ. 1979ರ ಬೇಗಾ ಬೇಗಂ ಕೇಸಿನಲ್ಲಿ, ಅದೂ ಶ್ರೀನಗರದ ಹೋಟೆಲಿನ ಜಗಳವೇ, ಬೇರೆ ಜಾಗ ಸಿಗುವುದಿಲ್ಲ ಎಂದು ಬಾಡಿಗೆದಾರ ತೋರಿಸಬೇಕು ಎಂಬ ಮಾತು ಬಂತು. ನಾಲ್ಕು ಕಡೆ ಜಾಗ ವಿಚಾರಿಸಿ, ದಲ್ಲಾಳಿಯ ಜೊತೆಗಿನ ಸಂದೇಶ ಉಳಿಸಿಕೊಳ್ಳಿ.

ಕೆಳಗಿನ ಕೋರ್ಟಿನಲ್ಲಿ ಹೇಳದ್ದನ್ನು ಮೇಲೆ ಹೇಳಿಕೊಂಡರಾಯಿತು ಅಂದುಕೊಳ್ಳಬೇಡಿ. ಮುಂಬಯಿಯಲ್ಲಿ ಮೇಲ್ಮನವಿ ಅದೇ ಸ್ಮಾಲ್ ಕಾಸಸ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಮುಂದೆ, ಪುಣೆಯಲ್ಲಿ ಜಿಲ್ಲಾ ಕೋರ್ಟಿಗೆ. ಅದರಿಂದಾಚೆ ಹೈಕೋರ್ಟು ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ತೂಗುವುದಿಲ್ಲ. ಮತ್ತೆ ಸೋತು ಮೇಲೆ ಹೋಗುವವರಿಗೆ 2009ರ ಸೂಪರ್ ಮ್ಯಾಕ್ಸ್ ತೀರ್ಪು ಗೊತ್ತಿರಲಿ. ತಡೆಯಾಜ್ಞೆ ಬೇಕಿದ್ದರೆ ಕೋರ್ಟು ಹಳೇ ಬಾಡಿಗೆಯನ್ನಲ್ಲ, ಮಾರುಕಟ್ಟೆ ದರ ನೋಡಿ ತಿಂಗಳ ಹಣ ಕಟ್ಟಿಸಬಹುದು. ಆ ಕೇಸಿನಲ್ಲಿ 5,000 ಚಿಲ್ಲರೆ ಬಾಡಿಗೆ ಕೊಡುತ್ತಿದ್ದದ್ದು ರಾಜ್ಯ ಸರ್ಕಾರವೇ; ತಿಂಗಳಿಗೆ 5 ಲಕ್ಷಕ್ಕೂ ಮೇಲೆ ಕಟ್ಟು ಎಂದರು.

ಮೇಲ್ಮನವಿಗೆ 30 ದಿನ. ತೀರ್ಪು ಓದಿ ಹೇಳಿದ ಮಧ್ಯಾಹ್ನವೇ, ಚಹಾ ಕುಡಿಯುವ ಮೊದಲೇ, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ರಸೀದಿ ತಗೊಳ್ಳಿ. ಪ್ರತಿ ಸಿದ್ಧವಾಗಲು ಹಿಡಿದ ದಿನಗಳು ಲೆಕ್ಕದಿಂದ ಕಳೆಯುತ್ತವೆ, ಆದರೆ ನೀವು ಅರ್ಜಿ ಹಾಕದೆ ಕೂತ ದಿನಗಳು ಕಳೆಯುವುದಿಲ್ಲ. ಪ್ರತಿಯ ಹಿಂಬದಿಯಲ್ಲಿ ಅರ್ಜಿ ಹಾಕಿದ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಅಂತ ಒಂದು ಠಸ್ಸೆ ಇರುತ್ತದೆ. ಅದನ್ನು ಕೌಂಟರಿನಲ್ಲೇ ನಿಂತು ಓದಿ, ತಾರೀಕು ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಂಡು ಹೊರಗೆ ಬನ್ನಿ.